ಆಕಾಶದಲ್ಲಿ ಪುಕ್ಕಟೆ ವೈಫೈ

ನಮ್ಮ ಚಿಕ್ಕಮ್ಮ ಯಾರ ಮನೆಗೂ ಮೊದಲು ಕಾಲಿಡುವುದಿಲ್ಲ, ಹಣೆ ಇಡುತ್ತಾಳೆ! ನಂಬಿಕೆ ಬಾರದಿದ್ದರೆ ಅವಳ ವಿಡಿಯೋ ಕಾಲ್ ಒಂದನ್ನು ಎತ್ತಿ ನೋಡಿ. ಪರದೆಯ ತಳದಲ್ಲಿ ಒಂದು ಕುಂಕುಮ, ಅದರ ಮೇಲೆ ಬೈತಲೆ, ಅದಕ್ಕೂ ಮೇಲೆ ಕಿರಿಮಂಜೇಶ್ವರದ ಮನೆಯ ಫ್ಯಾನು. ಮೂಗು, ಬಾಯಿ ಇತ್ಯಾದಿಗಳನ್ನು ನೀವೇ ಊಹಿಸಿಕೊಳ್ಳಬೇಕು. ಫೋನು ಸ್ವಲ್ಪ ಕೆಳಗೆ ಮಾಡು ಎಂದರೆ ತಲೆಯನ್ನೂ ಜೊತೆಗೇ ಕೆಳಗೆ ಮಾಡುತ್ತಾಳೆ.

ದಿಲ್ಲಿಯಲ್ಲಿರುವ ಒಬ್ಬಳೇ ಮಗಳು ಅವಳಿಗೆ ಬೆಳಗೂ ಬೈಗೂ ಕಾಣುತ್ತಿರಬೇಕು. ಗಂಗೊಳ್ಳಿಗೆ ಮೀನು ತರಲು ಹೋದರೂ ಸೈ, ಬಂಗುಡೆಯ ಕಿವಿರು ಬಿಡಿಸಿ ಕ್ಯಾಮರಾಕ್ಕೆ ಹಿಡಿದು, ತಾಜಾ ಹೌದೋ ಅಲ್ಲವೋ ಎಂದು ಮಗಳನ್ನೇ ಕೇಳುತ್ತಾಳೆ. ಮಗಳು ದಿಲ್ಲಿಯಿಂದ ಮೀನು ಆರಿಸುತ್ತಾಳೆ. ಇವಳು ಇಲ್ಲಿ ಕೊಂಡು, ಸಾರು ಮಾಡಿ, ಉಣ್ಣುತ್ತಾಳೆ. ಆರಿಸಿದವಳಿಗೆ ಏನು ಸಿಕ್ಕಿತು ಎನ್ನುತ್ತೀರಾ? ಸಾರಿನ ಬಣ್ಣ ನೋಡಲು ಸಿಗುತ್ತದಲ್ಲ!

ಹಾಗೆಂದು ಮೀನಿಗೆ ಬಿಟ್ಟು ಬೇರೆ ಯಾವುದಕ್ಕೂ ತನ್ನ ಡೇಟಾ ಖರ್ಚು ಮಾಡುವ ಪೈಕಿ ಅವಳಲ್ಲ. ಪಕ್ಕದ ಮನೆಯವರ ವೈಫೈ ಸಿಗುವುದು ಅವರ ಬಾವಿಕಟ್ಟೆಯ ಹತ್ತಿರ. ಆದ್ದರಿಂದ ಸಂಜೆಯಾದರೆ ಅಲ್ಲೇ ಅವಳ ಠಿಕಾಣಿ. ಒಮ್ಮೆ ಕೊಲ್ಲೂರಿಗೆ ಹೋದಾಗ ಲಾಡ್ಜಿನ ಜಗಲಿಯಲ್ಲಿ ಪುಕ್ಕಟೆ ವೈಫೈ ಸಿಕ್ಕಿತೆಂದು ಕೂತವಳು ಮಹಾಪೂಜೆಯನ್ನೇ ತಪ್ಪಿಸಿಕೊಂಡಳು. ಕೇಳಿದರೆ, ದೇವಿ ಎಲ್ಲಿಗೂ ಹೋಗುವುದಿಲ್ಲ, ವೈಫೈ ಹೋಗುತ್ತದೆ ಎಂದಳು. ಇಂಥವಳ ಹತ್ತಿರ ಯಾರು ವಾದ ಮಾಡುತ್ತಾರೆ?

ಆ ಮಗಳು ಬಸುರಿಯಾದಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಲ್ಲವೇ? ಡಾಕ್ಟರು ಮಾತ್ರ ಪ್ರಯಾಣ ಬೇಡವೇ ಬೇಡ ಎಂದರು. ಸರಿ, ಮಗಳು ತವರಿಗೆ ಬಾರದಿದ್ದರೆ ತವರೇ ಹೊರಟಿತು! ಚಿಕ್ಕಪ್ಪನನ್ನು ದನಗಳ ಕಾವಲಿಗೆ ಬಿಟ್ಟು, ಕುಚ್ಚಲಕ್ಕಿ, ತೆಂಗಿನೆಣ್ಣೆ, ಬಾಣಂತಿ ಲೇಹ್ಯ ಎಲ್ಲ ಕಟ್ಟಿಕೊಂಡಳು. ಜೊತೆಗೆ, ಊರಿನ ಹುಡುಗಿಯರನ್ನೆಲ್ಲ ಕರೆಯುವಂತೆ 'ಹೆಣೆ, ನೀನೂ ಬಾ' ಎಂದು ನನ್ನನ್ನೂ. ನಾನು ಬ್ರಹ್ಮಾವರದ ಒಂದು ಶಾಲೆಯಲ್ಲಿ ಹಿಂದಿ ಟೀಚರು, ಬೇಸಗೆ ರಜೆಯಲ್ಲಿದ್ದೆ. ಚಿಕ್ಕಮ್ಮನಿಗೆ ಹಿಂದಿ ಬಾರದು. ದಿನ ತುಂಬಲು ಇನ್ನೂ ಎರಡು ವಾರವಿತ್ತು. ಹೆರುವಾಗ ಮಗಳ ಕೈ ಹಿಡಿದುಕೊಂಡು ಪಕ್ಕದಲ್ಲಿರಬೇಕು ಎನ್ನುವುದೊಂದೇ ಅವಳ ಆಸೆ. ಕುಂದಾಪುರ ದಾಟುವಷ್ಟರಲ್ಲಿ ಅದು ನನಗೂ ಕಾರಿನ ಡ್ರೈವರನಿಗೂ ಬಾಯಿಪಾಠವಾಗಿತ್ತು.

ಮಂಗಳೂರಿನಲ್ಲಿ ವಿಮಾನ ಹತ್ತುವ ಹೊತ್ತಿಗೆ ಅಳಿಯನ ಫೋನು ಬಂತು. ಬೆಳಿಗ್ಗೆಯಿಂದ ನೋವು ಶುರುವಾಗಿದೆ, ಆಸ್ಪತ್ರೆಗೆ ಸೇರಿಸಿದ್ದೇನೆ ಎಂದ. ಚಿಕ್ಕಮ್ಮ ಸೀಟಿನಲ್ಲಿ ಕೂತವಳೇ, ಜನ ಎಲ್ಲ ಬಂದಾಯಿತಲ್ಲ, ಇನ್ನು ಹೊರಡಬಾರದೇ ಎಂದು ಗಗನಸಖಿಯನ್ನು ಕೇಳಲು ನನಗೆ ಹೇಳಿದಳು. ಬೈಂದೂರಿನ ಬಸ್ಸಿಗಾದರೆ ನ್ಯಾಯವಾದ ಪ್ರಶ್ನೆಯೇ! ನಾನು ಅದನ್ನು ಶುದ್ಧ ಹಿಂದಿಯಲ್ಲಿ ಕೇಳಿದೆ. ಆ ಹುಡುಗಿ ನಕ್ಕು ನೀರು ತಂದುಕೊಟ್ಟಳು.

ಮೇಲೆ ಹೋದ ಮೇಲೆ ವಿಮಾನದೊಳಗೆ ವೈಫೈ ಪುಕ್ಕಟೆ ಎಂದು ಗೊತ್ತಾಯಿತು. ಪುಕ್ಕಟೆ ಸಿಕ್ಕಿದರೆ ನನಗೂ ಇರಲಿ, ನನ್ನಪ್ಪನಿಗೂ ಇರಲಿ ಎನ್ನುವ ಜಾತಿಯವಳು ಚಿಕ್ಕಮ್ಮ. ಅಂದು ಮಾತ್ರ ಅವಳು ಫೋನನ್ನು ನನ್ನ ಕಡೆ ಚಾಚಿದಳು. ನಾನೇ ವಿಡಿಯೋ ಕಾಲ್ ಹಚ್ಚಿಕೊಟ್ಟೆ. ಪರದೆಯ ಚಕ್ರ ನಾಲ್ಕು ಸಲ ಸುತ್ತಿ ಸುತ್ತಿ ನಿಂತು, ಕೊನೆಗೆ ಅಳಿಯನ ಮುಖ ಮೂಡಿತು. ಹೆಣ್ಣು ಮಗು, ಇಬ್ಬರೂ ಚೆನ್ನಾಗಿದ್ದಾರೆ ಎನ್ನುತ್ತ ಅವನು ತೋಳಿನಲ್ಲಿದ್ದ ಬಟ್ಟೆಯ ಗಂಟನ್ನು ಕ್ಯಾಮರಾದ ಕಡೆ ತಿರುಗಿಸಿದ.

ಚಿಕ್ಕಮ್ಮ ಫಕ್ಕನೆ ಕಣ್ಣು ಮುಚ್ಚಿಕೊಂಡಳು!

ಏನಾಯಿತೋ ಎಂದು ನಾನು ಗಾಬರಿಯಾದೆ. ಅವಳು ಮುಚ್ಚಿದ ಕಣ್ಣಿನಲ್ಲೇ ಫೋನನ್ನು ನನ್ನ ಕೈಗೆ ತುರುಕಿ, "ಬರಿ ಕೈಯಗೆ ಮಗಿನ್ ಮುಖ ಕಾಂಬುಕಾಗ ಹೆಣೆ" ಎಂದಳು.

ಹೌದಲ್ಲ! ನಮ್ಮಲ್ಲಿ ಹುಟ್ಟಿದ ಮಗುವಿನ ಮುಖವನ್ನು ಯಾರೂ ಬರಿಗೈಯಲ್ಲಿ ನೋಡುವುದಿಲ್ಲ, ಅದರಲ್ಲೂ ಅಜ್ಜಿ! ಮೊಮ್ಮಗುವಿನ ಸೊಂಟಕ್ಕೆಂದು ಮಾಡಿಸಿದ ಬೆಳ್ಳಿಯ ನೇವಳ ಎಲ್ಲಿತ್ತು? ಕಳ್ಳರಿಗೆ ಸಿಗಬಾರದೆಂದು ಲೇಹ್ಯದ ಡಬ್ಬಿಯೊಳಗಿತ್ತು. ಡಬ್ಬಿ ಪೆಟ್ಟಿಗೆಯೊಳಗೆ, ಪೆಟ್ಟಿಗೆ ವಿಮಾನದ ಹೊಟ್ಟೆಯೊಳಗೆ. ಡಿಕ್ಕಿ ಒಂದು ಚೂರು ತೆಗೆಸಲಾಗುವುದಿಲ್ಲವೇ ಎಂದು ಕೇಳಿದಳು. ಈ ಪ್ರಶ್ನೆಯನ್ನು ಮಾತ್ರ ನಾನು ಹಿಂದಿಗೆ ಅನುವಾದಿಸಲಿಲ್ಲ.

ಅಷ್ಟರಲ್ಲಿ ಕಿಟಕಿ ಬದಿಯ ಸರದಾರ್ಜಿ ಮಗುವನ್ನು ನೋಡಿ ಆಶೀರ್ವಾದ ಮಾಡಿದರು. ಹಿಂದಿನ ಸೀಟಿನ ಹೆಂಗಸು ಎದ್ದು ನಿಂತು ನೋಡಿದಳು. ಗಗನಸಖಿ, ಮೆಲ್ಲಗೆ ಮಾತಾಡಿ ಎಂದು ಹೇಳಲು ಬಂದವಳು, ತಾನೂ ಬಗ್ಗಿ ನೋಡಿದಳು. ಪೂರಾ ವಿಮಾನ ಮಗುವನ್ನು ಕಂಡಿತು, ಅಜ್ಜಿಯೊಬ್ಬಳನ್ನು ಬಿಟ್ಟು! ನನಗೆ ನಗು ತಡೆಯಲಾಗಲಿಲ್ಲ. ಫೋನಿನಲ್ಲಿ ಕಂಡರೆ ಕಂಡ ಹಾಗಲ್ಲ, ಕಣ್ಣು ಬಿಡು ಚಿಕ್ಕಮ್ಮ, ಎಂದೆ. ಅವಳು ತಲೆ ಅಲ್ಲಾಡಿಸಿದಳು. ಆಮೇಲೆ ಕಣ್ಣು ಮುಚ್ಚಿಕೊಂಡೇ ಅಳಿಯನಿಗೆ ಹೇಳಿದಳು.

"ಮಗಿನ್ ಆಮೇಲ್ ಕಾಂತೆ. ನೀವ್ ಒಂದ್ಸಲ ನನ್ ಮಗಳನ್ನ ತೋರ್ಸಿ."

ನನ್ನ ನಗು ಅಲ್ಲೇ ನಿಂತಿತು. ಆ ಹೊತ್ತಿನವರೆಗೆ ಅವಳ ಮಗಳ ಬಗ್ಗೆ ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಮಗಳನ್ನು ಆಗಷ್ಟೇ ವಾರ್ಡಿಗೆ ತಂದಿದ್ದರು. ಅಳಿಯ ಫೋನು ಹಿಡಿದುಕೊಂಡು ಮಂಚದ ಹತ್ತಿರ ಹೋದ. ಬೆವರಿಗೆ ಕೂದಲು ಹಣೆಗಂಟಿತ್ತು, ತುಟಿ ಒಣಗಿತ್ತು. ಮಗಳು "ಅಮ್ಮಾ" ಎಂದಳು. ಮುಂದೆ ಮಾತು ಬರಲಿಲ್ಲ, ಅಳು ಬಂತು. ಚಿಕ್ಕಮ್ಮ ಕಣ್ಣು ಬಿಟ್ಟಳು.

"ಆಯ್ತ್ ಮಗಳೆ, ಆಯ್ತ್. ಬಂದೆ ನಾನ್" ಎನ್ನುತ್ತ ಪರದೆಯಲ್ಲಿ ಅವಳ ಹಣೆಯ ಮೇಲಿನ ಕೂದಲನ್ನು ಸರಿಸಲು ಹೋದಳು. ಬೆರಳು ಕೆಂಪು ಗುಂಡಿಗೆ ತಾಗಿ ಕಾಲ್ ಕಟ್ಟಾಯಿತು.

ಮತ್ತೆ ಹಚ್ಚಿಕೊಡಲೇ ಎಂದೆ. ಬೇಡವೆಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಫೋನಗೆ ಕಂಡದ್ ಸಾಕ್ ಹೆಣೆ. ನಂಗ್ ಅವಳ್ನ ಮುಟ್ಕ್."

ದಿಲ್ಲಿ ಮುಟ್ಟುವುದಕ್ಕೇ ಇನ್ನೂ ಒಂದು ಗಂಟೆಯ ದಾರಿಯಿತ್ತು. ಅವಳು ಆಗಲೇ ಚಪ್ಪಲಿ ಮೆಟ್ಟಿಕೊಂಡು, ಕೈಚೀಲ ತೊಡೆಯ ಮೇಲಿಟ್ಟುಕೊಂಡು, ಇಳಿಯಲು ತಯಾರಾಗಿ ಕೂತಳು.