ಲುಂಗಿ ಇಳಿಸಿದ ರೋಬೋಟು

ಮನುಷ್ಯ ಹೇಗೆ ನಡೆಯುತ್ತಾನೆ ಎಂಬ ಒಂದೇ ವಿಷಯದ ಮೇಲೆ ನನ್ನ ಇಡೀ ವೃತ್ತಿಜೀವನ ನಿಂತಿದೆ. ಮೊದಲು ಕಂಪ್ಯೂಟರಿನಲ್ಲಿ ಆನಿಮೇಷನ್ ಗೊಂಬೆಗಳನ್ನು ನಡೆಸಿದೆ, ಆಮೇಲೆ ರೋಬೋಟುಗಳನ್ನು. ಆದ್ದರಿಂದ ಕೊಟ್ಟೂರಿನ ನಮ್ಮ ಕಾಲೇಜಿನವರು, ಆಡಳಿತ ಮಂಡಳಿಯ ಮುಂದೆ ರೋಬೋಟು ನಡೆದು ತೋರಿಸಿದರೆ ನನ್ನ ಲ್ಯಾಬ್ ಉಳಿಯುತ್ತದೆ, ಇಲ್ಲವಾದರೆ ಮುಚ್ಚುತ್ತದೆ ಎಂದಾಗ ನಾನು ಹೆದರಲಿಲ್ಲ.

ಹೆದರಿದವಳು ನನ್ನ ಹೆಂಡತಿ ಶಾರದಾ. ನನ್ನ ಸಂಶೋಧನೆಯ ಹಿಂದೆ ಊರೂರು ಅಲೆದು, ಹೋದಲ್ಲೆಲ್ಲ ಕೆಲಸ ಬಿಟ್ಟು, ಈಗಷ್ಟೇ ಹಗರಿಬೊಮ್ಮನಹಳ್ಳಿಯ ಶಾಲೆಯೊಂದರಲ್ಲಿ ಟೀಚರಾಗಿ ನೆಲೆ ನಿಂತಿದ್ದಳು.

"ಈ ಸಲ ನಾ ಗಂಟುಮೂಟಿ ಕಟ್ಟಂಗಿಲ್ಲ ನೋಡ್ರಿ. ಹೋದ್ರ ನೀವೊಬ್ರೇ ಹೋಗ್ರಿ."

"ಹೋಗುವ ಪ್ರಶ್ನೆಯೇ ಉದ್ಭವಿಸುವುದಿಲ್ಲ," ಎಂದೆ.

ಮೈಗೆ ಸೆನ್ಸರ್ ಪಟ್ಟಿ ಕಟ್ಟಿಕೊಂಡು ಯಾರಾದರೂ ನಡೆದರೆ, ಆ ಚಲನೆಯೆಲ್ಲ ಕಂಪ್ಯೂಟರಿಗೆ ಸೇರಿ, ರೋಬೋಟು ಅದನ್ನೇ ಮಾಡುತ್ತದೆ. ನಾನೇ ನಡೆದೆ. ಸೆಕೆ ಎಂದು ಮನೆಯ ಮಾಳಿಗೆಯ ಮೇಲೆ, ಲುಂಗಿಯಲ್ಲಿ ನಡೆದೆ. ರೋಬೋಟಿಗೆ ಬಟ್ಟೆಯ ಗೊಡವೆ ಏನು? ನಡುವೆ ಮನೆ ಮಾಲೀಕರು ಒಣಗಲು ಹಾಕಿದ್ದ ಹಪ್ಪಳ ನೋಡಲು ಮೇಲೆ ಬಂದರು. ಮಾತಾಡಿ ಕಳಿಸಿದೆ. ಕಂಪ್ಯೂಟರಿನಿಂದ ಆ ಭಾಗವನ್ನು ಅಳಿಸಬೇಕು ಎಂದು ಹೊಳೆಯಲಿಲ್ಲ.

ಪ್ರದರ್ಶನದಲ್ಲಿ ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ. ರೋಬೋಟು ಕೆಲವು ಹೆಜ್ಜೆ ಗಂಭೀರವಾಗಿ ಇಟ್ಟಿತು. ನಿಂತಿತು. ಬಗ್ಗಿ, ಇಲ್ಲದ ಲುಂಗಿಯನ್ನು ಎರಡೂ ಕೈಯಿಂದ ಎತ್ತಿ, ಮಡಚಿ, ಸೊಂಟಕ್ಕೆ ಕಟ್ಟಿತು. ಮತ್ತೆ ನಡೆಯಿತು. ಸರಿಯಾಗಿ ಮಂಡಳಿಯ ಅಧ್ಯಕ್ಷರ ಎದುರಿಗೆ ಬಂದಾಗ, ಹಿರಿಯರನ್ನು ಕಂಡವರಂತೆ, ಕಟ್ಟಿದ್ದನ್ನು ಸರಕ್ಕನೆ ಬಿಚ್ಚಿ ಕೆಳಗಿಳಿಸಿತು. ತಲೆ ಕೆರೆದುಕೊಂಡಿತು.

"ಏನ್ರಿ ಇದು?" ಅಧ್ಯಕ್ಷರು ಕೇಳಿದರು.

"ಮಾನವ ಚಲನೆಯ ಒಂದು ಸಹಜ ಮಾದರಿ, ಸರ್."

ನೋಡಲು ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದ ಶಾರದಾ ಹೇಳಿದಳು: "ಮಾದರಿ ಅಲ್ರಿ. ಅವ್ರು ನಮ್ಮ ಮನಿಯವರು."

ಸಭೆ ನಕ್ಕು ಮುಗಿಸುವವರೆಗೆ ಅಧ್ಯಕ್ಷರು ಒಮ್ಮೆ ನನ್ನನ್ನು, ಒಮ್ಮೆ ರೋಬೋಟನ್ನು ನೋಡುತ್ತಿದ್ದರು. ನನ್ನ ಪ್ರಬಂಧಗಳ ಕಟ್ಟು ಮೇಜಿನ ಮೇಲೆಯೇ ಇತ್ತು. ಯಾರೂ ಮುಟ್ಟಲಿಲ್ಲ.

"ದೊಡ್ಡೋರಂದ್ರ ಮರ್ಯಾದಿ ಐತಿ ಇದಕ್ಕ," ಎಂದರು ಕೊನೆಗೆ. "ಲ್ಯಾಬ್ ಇರ್ಲಿ ಬಿಡ್ರಿ. ಆದ್ರ ಇದಕ್ಕೊಂದು ಪ್ಯಾಂಟು ಹಾಕ್ರಿ."

ಮನೆಗೆ ಬರುವಾಗ ಉತ್ಸಾಹದಿಂದ ಹೇಳಿದೆ, "ಮುಂದಿನ ಸಲ ಪಟ್ಟಿ ಕಟ್ಟಿಕೊಂಡು ನೀನು ನಡಿ."

"ನಿಮ್ಮ ಹಿಂದ ಅಡ್ಡಾಡಿದ್ದು ಸಾಕಾಗೈತಿ. ಆ ರೋಬೋಟಿಗೆ ಒಂದು ಕಡಿ ಸುಮ್ನ ಕುಂದ್ರೋದು ಕಲಿಸ್ರಿ."

ಅದನ್ನು ಕಲಿಸಲು ಮೊದಲು ಯಾರಾದರೂ ಕೂತು ತೋರಿಸಬೇಕು. ನನಗೆ ಬರುವುದಿಲ್ಲ.