ಅಪ್ಪನ ಸೈಕಲ್ಲೂ ಕೆಂಗೇರಿಯ ಇಡ್ಲಿಯೂ

ಸೈಕಲ್ ತುಳಿಯುವುದರಲ್ಲಿ ಒಂದು ಕಾಲದ ವಿಜಯನಗರದಲ್ಲಿ ನನ್ನನ್ನು ಮೀರಿಸುವ ಹುಡುಗಿ ಇರಲಿಲ್ಲ! ಹೀಗೆಂದು ನಾನು ಸೌಟು ಎತ್ತಿ ಘೋಷಿಸಿದ್ದು ನಮ್ಮ ಯಜಮಾನರ ಎದುರಿಗೆ.

ಯಜಮಾನರು ಪದ್ಮನಾಭ. ಐವತ್ತು ದಾಟಿದ ಮೇಲೆ ಅವರಿಗೆ ಸೈಕಲ್ ಹುಚ್ಚು ಹತ್ತಿತು. ಒಂದು ಸೈಕಲ್ ನಡುಮನೆಯಲ್ಲಿ, ಒಂದು ಮಂಚದ ಪಕ್ಕದಲ್ಲಿ, ಇನ್ನೊಂದು ದೇವರಮನೆಯ ಬಾಗಿಲಲ್ಲಿ. ಅದಕ್ಕೆ ಪ್ರದಕ್ಷಿಣೆ ಹಾಕದೆ ನನಗೆ ದೇವರ ದರ್ಶನವಿಲ್ಲ! ಈಗ ನಾಲ್ಕನೆಯದು ಬಂದಿತ್ತು.

"ಮೆಟ್ಟಿಲ ಕೆಳಗೆ ಜಾಗ ಬೇಕು ಕಣೇ ಅಲಮೇಲು. ನಿಮ್ಮಪ್ಪನ ಸೈಕಲ್ ಗುಜರಿಗೆ ಹಾಕ್ಬಿಡೋಣ."

"ನಿಮ್ಮದಕ್ಕೆ ಬೆಲ್ ಇಲ್ಲ, ಮಡ್‌ಗಾರ್ಡ್ ಇಲ್ಲ, ನಿಲ್ಲೋಕೆ ಒಂದು ಸ್ಟ್ಯಾಂಡೂ ಇಲ್ಲ. ಗೋಡೆಗೆ ಒರಗಿ ನಿಲ್ಲೋದಕ್ಕೆ ಇಷ್ಟು ಜಂಬವೇ?"

"ಒಂದು ಬೆರಳಲ್ಲಿ ಎತ್ತಬಹುದು, ಗೊತ್ತಾ?"

"ಸೈಕಲ್ ಇರೋದು ತುಳಿಯೋಕೋ, ಎತ್ತೋಕೋ?"

ಅವರಿಗೆ ರೋಷ ಬಂತು. "ಓಡದೇ ಇರೋ ಸೈಕಲ್‌ಗೆ ಮನೇಲಿ ಜಾಗ ಇಲ್ಲ. ಭಾನುವಾರ ನಮ್ ಜೊತೆ ಅದರಲ್ಲೇ ಕೆಂಗೇರಿ ಉಪನಗರಕ್ಕೆ ಬಾ. ಬಂದ್ರೆ ಅದು ಇಲ್ಲೇ ಇರ್ಲಿ."

"ಬರ್ತೀನಿ!" ಎಂದೆ. ಸೌಟಿನಿಂದ ಸಾರು ತೊಟ್ಟಿಕ್ಕಿತು.

ಆ ಸೈಕಲ್ಲನ್ನು ಹೇಗೆ ಬಿಟ್ಟುಕೊಡಲಿ? ಅಪ್ಪ ಅದರಲ್ಲೇ ರಾಜಾಜಿನಗರದ ಕಾರ್ಖಾನೆಗೆ ಹೋಗಿ ಬರುತ್ತಿದ್ದರು. ಮುಂದಿನ ಬಾರ್ ಮೇಲೆ ಟವೆಲ್ ಮಡಿಸಿ ಹಾಕಿ ನನ್ನನ್ನು ಕೂರಿಸಿಕೊಂಡರೆ, ಪೆಡಲಿನ ಲಯಕ್ಕೆ ಸರಿಯಾಗಿ ಅವರ ಗೋವಿಂದನಾಮ ನನ್ನ ನೆತ್ತಿಯ ಮೇಲೆಯೇ ಕೇಳುತ್ತಿತ್ತು. ತಲೆ ಎತ್ತಿದರೆ ತುಳಸಿಯ ವಾಸನೆ. ಶುಕ್ರವಾರ ಹುಣಸೆಹಣ್ಣು ಹಚ್ಚಿ ಸೈಕಲ್ ಬೆಲ್ ಉಜ್ಜುತ್ತಿದ್ದರು. ದೇವರ ಗಂಟೆಗೂ ಅದಕ್ಕೂ ಒಂದೇ ಮರ್ಯಾದೆ. ನಾನು ದೊಡ್ಡವಳಾದ ಮೇಲೆ ಮನೆಯ ಜಗಲಿಯಿಂದ ನನ್ನನ್ನು ಸೀಟಿಗೆ ಹತ್ತಿಸಿ, "ಹೂಂ, ಹೊರಡು!" ಎನ್ನುತ್ತಿದ್ದರು. ಬೀದಿ ಸುತ್ತಿ ಬರುವಷ್ಟರಲ್ಲಿ ಹೊಂಗೆಮರದ ಕೆಳಗೆ ನಿಂತಿರುತ್ತಿದ್ದರು.

ಭಾನುವಾರ ಬೆಳಗಾಯಿತು. ಹೊಸ ಟೈರು ಹಾಕಿಸಿದ್ದೆ, ಹ್ಯಾಂಡಲ್‌ಗೆ ಕುಂಕುಮ ಇಟ್ಟೆ, ಚೂಡಿದಾರ್ ತೊಟ್ಟೆ. ಯಜಮಾನರ ರೇಸಿನ ಗೆಳೆಯರಾದ ಗೌತಮ್ ಮತ್ತು ರಾಗಿಣಿ ಗೇಟಿನಲ್ಲಿದ್ದರು. ನಾನು ಕಾಂಪೌಂಡ್ ಗೋಡೆಯಿಂದ ಸೀಟಿಗೆ ಇಳಿದೆ. ಇಂದ್ರ ಐರಾವತವನ್ನು ಏರಿದ್ದೂ ಹೀಗೆಯೇ ಇರಬೇಕು!

"ಸೂಪರ್ ಆಂಟಿ!" ಎಂದಳು ರಾಗಿಣಿ.

ಆಹಾ! ಕಾಲು ಏನನ್ನೂ ಮರೆತಿರಲಿಲ್ಲ. ಅತ್ತಿಗುಪ್ಪೆ ಬಂತು. ಸಿಗ್ನಲ್ ಕೆಂಪಾಯಿತು. ಎಲ್ಲರೂ ಕಾಲೂರಿ ನಿಂತರು. ನಾನೂ ಕಾಲು ಚಾಚಿದೆ. ನೆಲ ಸಿಗಲಿಲ್ಲ!

ಆಗ ಹೊಳೆಯಿತು ನೋಡಿ. ನನಗೆ ಸೈಕಲ್ ತುಳಿಯಲು ಬರುತ್ತದೆ. ಇಳಿಯಲು ಬರುವುದಿಲ್ಲ! ಪ್ರತಿ ಸಲವೂ ಅಪ್ಪ ಹಿಡಿದುಕೊಳ್ಳುತ್ತಿದ್ದರು. ಇಳಿಯುವುದೂ ಒಂದು ವಿದ್ಯೆ ಎಂದು ನನಗೆ ಗೊತ್ತಾಗುವ ಮೊದಲೇ ಮದುವೆಯಾಗಿತ್ತು.

ಗಪ್ಪನೆ ಗೌತಮನ ಭುಜ ಹಿಡಿದೆ. ಅವನು ಭಕ್ತಿಯಿಂದ ತಲೆ ಬಗ್ಗಿಸಿದ. "ಥ್ಯಾಂಕ್ಸ್ ಆಂಟಿ. ಮುಂದಿನ ವಾರ ರೇಸ್ ಇದೆ, ನಿಮ್ಮ ಆಶೀರ್ವಾದ ಇರ್ಲಿ."

ಹರಸಿಯೇಬಿಟ್ಟೆ. ನಿಜ ಹೇಳಿದರೆ ಸೈಕಲ್ ಗುಜರಿಗೆ! ಅಲ್ಲಿಂದ ಮುಂದೆ ಕಂಡ ಗುಡಿಗಳಿಗೆಲ್ಲ ಮನಸ್ಸಿನಲ್ಲೇ ಕೈಮುಗಿದೆ. ಸಿಗ್ನಲ್‌ಗಳೆಲ್ಲ ಹಸಿರಾಗಿಯೇ ಸಿಕ್ಕವು. ದೇವರು ದೊಡ್ಡವನು.

ಆದರೆ ಈ ರೇಸಿನವರಿಗೆ ಒಂದು ಪದ್ಧತಿಯಿದೆ. ಕೊನೆಯಲ್ಲಿ ಇಡ್ಲಿ ಹೋಟೆಲ್ ತನಕ ಪೈಪೋಟಿಯ ಮೇಲೆ ಹಾರಿಬಿಡುತ್ತಾರೆ. ನಾನು ಉಪನಗರ ಮುಟ್ಟುವಷ್ಟರಲ್ಲಿ ಮೂವರೂ ತಟ್ಟೆ ಹಿಡಿದು ಹೋಟೆಲ್ ಒಳಗಿದ್ದರು. ಹಿಡಿದುಕೊಳ್ಳಲು ಒಂದು ಭುಜವೂ ಇಲ್ಲ! ಬೆಲ್ ಬಾರಿಸುತ್ತಾ ಮುಂದೆ ಹೋದೆ. ರಸ್ತೆ ಸುತ್ತಿ ಬಂದೆ. ಮತ್ತೆ ಹೋದೆ.

"ಆಂಟಿ ಟಿಫನ್ನೂ ಮಾಡದೆ ರೌಂಡ್ ಹೊಡೀತಿದಾರೆ ಮಗಾ! ಏನ್ ಸ್ಟ್ಯಾಮಿನಾ!" ಗೌತಮನ ದನಿ.

ಮೂರನೇ ಸುತ್ತಿಗೆ ಯಜಮಾನರಿಗೆ ಅನುಮಾನ ಬಂತು. ಹೊಸ ಸೈಕಲ್ ಏರಿ ಪಕ್ಕಕ್ಕೆ ಬಂದರು. "ಬ್ರೇಕ್ ಹಿಡಿಯೇ!"

"ಹಿಡಿದ್ರೆ ಬೀಳ್ತೀನಿ ರೀ! ಕಾಲು ಎಟುಕಲ್ಲ!"

"ಮತ್ತೆ ಆಗೆಲ್ಲ ಹೇಗೆ ಇಳೀತಿದ್ದೆ?"

"ಅಪ್ಪ ಹಿಡ್ಕೋತಿದ್ರು!"

ಅವರ ಮುಖದ ನಗು ಹೋಯಿತು. ಒಂದು ಬೆರಳಲ್ಲಿ ಎತ್ತುವ ಆ ಸೈಕಲ್ಲನ್ನು ರಸ್ತೆಬದಿಗೆ ಎಸೆದರು. ಪೆಡಲಿಗೆ ಸಿಕ್ಕಿಸುವ ಶೂ ಕಿತ್ತೊಗೆದು, ಕಾಲುಚೀಲದಲ್ಲೇ ಓಡಿಬಂದು ಸೀಟಿನ ಹಿಂಭಾಗ ಹಿಡಿದರು. ಹೊಸ ಬಣ್ಣ ಎಷ್ಟು ಕೆರೆಯಿತೆಂದು ತಿರುಗಿಯೂ ನೋಡಲಿಲ್ಲ. ಬೆನ್ನ ಹಿಂದೆ ಕೈ ಬಿಗಿಯಾದದ್ದೇ ತಡ, ನನ್ನ ಬಾಯಿಂದ ತಾನಾಗಿ ಬಂತು:

"ಬಿಡಬೇಡಿ ಅಪ್ಪಾ!"

ಇಡೀ ಹೋಟೆಲ್ ಇತ್ತ ತಿರುಗಿತು. ಗೌತಮ್ ವಡೆ ಎತ್ತಿ ಕೂಗಿದ: "ಸಾರ್, ಪ್ರಮೋಷನ್!"

ಮನೆಗೆ ಬಂದದ್ದು ಲಗೇಜ್ ಆಟೋದಲ್ಲಿ, ನಾನೂ ಸೈಕಲ್ಲೂ ಒಟ್ಟಿಗೆ.

"ಕೆಂಗೇರಿ ತನಕ ಬಂತಲ್ಲ. ಇರ್ಲಿ ಬಿಡು," ಎಂದರು ಯಜಮಾನರು. ಅಪ್ಪನ ಸೈಕಲ್ ಮೆಟ್ಟಿಲ ಕೆಳಗೇ ಉಳಿಯಿತು. ನಾಲ್ಕನೆಯದು ಈಗ ಅಡುಗೆಮನೆಯಲ್ಲಿ, ಗ್ರೈಂಡರ್ ಪಕ್ಕ.

ದಿನಾ ಬೆಳಿಗ್ಗೆ ಅಪ್ಪನ ಸೈಕಲ್ಲನ್ನು ಅಂಗಳಕ್ಕೆ ತಂದು, ಸ್ಟ್ಯಾಂಡ್ ಹಾಕಿ, ಗೋಡೆಯಿಂದ ಸೀಟಿಗೆ ಇಳಿಯುತ್ತೇನೆ. ನಿಂತಲ್ಲೇ ತುಳಿಯುತ್ತಾ ವಿಷ್ಣುಸಹಸ್ರನಾಮ ಮುಗಿಸುತ್ತೇನೆ. ಭಗವಂತನ ಸಾವಿರ ನಾಮ ಹೇಳಿದರೂ ಕೆಳಗಿಳಿಯಲು ಕೆಲಸಕ್ಕೆ ಬರುವ ನಾಮ ಮಾತ್ರ ಒಂದೇ:

"ರೀ...!"