ಮಾವನ ಕೋಲು, ಅಳಿಯನ ಬಿಲ್ಲು

ಈ ಸಲದ ಆಯುಧಪೂಜೆಗೆ ದೇವರ ಮುಂದೆ ತಾನೇ ಕೈಯಾರೆ ಮಾಡಿದ ಬೇಟೆಯ ಬಿಲ್ಲು ಇಟ್ಟೇ ಇಡುತ್ತೇನೆಂದು ದುರಗೇಶ ಓಣಿಗೆಲ್ಲ ಸಾರಿಬಿಟ್ಟಿದ್ದ. ಅವನ ಅಜ್ಜ ಹುಲಿಹೈದರದ ಗುಡ್ಡದಲ್ಲಿ ಬೇಟೆಯಾಡಿದವನಂತೆ. ಮೊಮ್ಮಗ ಗಂಗಾವತಿಯ ಕಚೇರಿಯೊಂದರಲ್ಲಿ ಫೈಲು ಹೊರುವ ಜವಾನನಾದರೇನು, ರಕ್ತ ಎಲ್ಲಿಗೆ ಹೋದೀತು!

ರಕ್ತವೇನೋ ಇತ್ತು, ಕಟ್ಟಿಗೆ ಸಿಗಲಿಲ್ಲ. ಬೇವು ಲಟಕ್ಕೆಂದು ಮುರಿಯಿತು. ಬಿದಿರು ಸೀಳಿ ಅಂಗೈಗೆ ಸಿಬಿರು ಚುಚ್ಚಿತು. ಜಾಲಿ ಬಾಗಲೇ ಇಲ್ಲ. ಬಾಗಿಸಹೋದವನ ಸೊಂಟ ಹಿಡಿದುಕೊಂಡಿತು.

"ಬಾಗಬೇಕು, ಮುರೀಬಾರದು. ಬಿಲ್ಲಿಗೆ ಅಂಥ ಕಟಗಿನ ಬೇಕು" ಎಂದು ಹೆಂಡತಿ ಶ್ವೇತಾಳಿಗೆ ಪಾಠ ಹೇಳಿದ.

"ಹಬ್ಬ ನಾಳಿಗೆ ಐತ್ರಿ. ಮನ್ಯಾಗ ನನ್ನ ಕಸಬರಗಿ ಒಂದ ಉಳದೈತಿ" ಎಂದಳು ಅವಳು.

ಅಂದು ಮಧ್ಯಾಹ್ನ ಕಾರಟಗಿಯಿಂದ ಗಾದಿಲಿಂಗಪ್ಪ ಬಂದ. ದುರಗೇಶನ ತಾಯಿಯ ತಮ್ಮ, ಮೇಲೆ ಹೆಣ್ಣು ಕೊಟ್ಟ ಮಾವ; ಹಾಗಾಗಿ ಹೆದರಿಕೆಯೂ ಇಮ್ಮಡಿ. ಕುಲದ ಹಿರಿಯನಾದ ಅವನು ನ್ಯಾಯಕ್ಕೆ ತಾನು ಹೋಗಲಾಗದಿದ್ದರೆ ತನ್ನ ಕೋಲು ಕಳಿಸುತ್ತಿದ್ದ. ಜನ ಅದನ್ನು ಕಟ್ಟೆಯ ಮೇಲಿಟ್ಟು, ಚಪ್ಪಲಿ ಬಿಟ್ಟು, ಅದರ ಮುಂದೆ ಕೈಕಟ್ಟಿ ಕೂರುತ್ತಿದ್ದರು. ಸಂಜೆ ಇದೇ ಓಣಿಯಲ್ಲಿ ಒಂದು ಪಂಚಾಯ್ತಿ ಇತ್ತು. ಅಲ್ಲಿಯವರೆಗೆ ಕಣ್ಣು ಮುಚ್ಚೋಣವೆಂದು ಮಾವ ಉಂಡು, ಕೋಲನ್ನು ಗೋಡೆಗೆ ಆನಿಸಿ ಮಲಗಿದ.

ದುರಗೇಶ ಕೋಲನ್ನೇ ನೋಡಿದ. ಎಣ್ಣೆ ಕುಡಿದು ಮಿರುಗುವ, ಗಂಟಿಲ್ಲದ, ಆಳೆತ್ತರದ ಕೋಲು. ಮುಟ್ಟಿ ನೋಡಿದರೇನು ಅನ್ನಿಸಿತು. ಮುಟ್ಟಿದ ಮೇಲೆ ಬಾಗಿಸಿದರೇನು ಅನ್ನಿಸಿತು. ಬಾಗಿತು, ಮುರಿಯಲಿಲ್ಲ. ಹಗ್ಗ ಬಿಗಿದು ಹಿತ್ತಲಲ್ಲಿ ಬಾಣವಿಲ್ಲದ ಬೇಟೆ ಶುರುವಿಟ್ಟ. ಹೊತ್ತು ಹೋದದ್ದೇ ತಿಳಿಯಲಿಲ್ಲ.

ಹಗ್ಗ ಬಿಚ್ಚಿದ. ಕೋಲು ನೆಟ್ಟಗಾಗಲಿಲ್ಲ!

ಕೋಲನ್ನು ನೀರಲ್ಲಿ ನೆನೆಸಿದ, ಮೇಲೆ ಕಲ್ಲು ಹೇರಿದ, ಕಿಟಕಿಯ ಸರಳಿಗೆ ಬಿಗಿದು ಕಟ್ಟಿದ. ಬಿಚ್ಚಿದಾಗೆಲ್ಲ ಅದು ಇನ್ನಷ್ಟು ಬಾಗಿದಂತೆ ಕಾಣುತ್ತಿತ್ತು. ಅಷ್ಟರಲ್ಲಿ ಒಳಗಿನ ಗೊರಕೆ ನಿಂತಿತು. ಅವನು ಕೋಲು ಅಲ್ಲೇ ಬಿಟ್ಟು ಚಪ್ಪಲಿ ಮೆಟ್ಟಿದ.

"ಶ್ವೇತಾ, ನಾ ಹುಲಿಗಿ ಗುಡಿಗೆ ಹೋಗೇನಂತ ನಿಮ್ಮಪ್ಪಗ ಹೇಳು."

"ಅಪ್ಪ ನಿಮ್ಮ ಹಿಂದ ನಿಂತಾನ್ರಿ."

ಮಾವ ಕೋಲು ಎತ್ತಿಕೊಂಡು, ಒಂದು ಕಣ್ಣು ಮುಚ್ಚಿ, ಉದ್ದಕ್ಕೂ ದಿಟ್ಟಿಸಿದ.

"ಏನಾಗೇತಿದು?"

"ಮಾವಾ, ಬಿಸಲಿಗೆ ಇಟ್ಟಿದ್ದೆ..."

"ನಮ್ಮಪ್ಪನ ಕೋಲಿದು. ಎಷ್ಟು ಬ್ಯಾಸಗಿ ಕಂಡೈತಿ, ಒಮ್ಮೆನೂ ಬಾಗಿಲ್ಲ."

ದುರಗೇಶ ದಢಕ್ಕನೆ ಕಾಲಿಗೆ ಬಿದ್ದು, ಬಿದ್ದಲ್ಲಿಂದಲೇ ಎಲ್ಲ ಒಪ್ಪಿಕೊಂಡ. ಮಾವ ಬೈಯಲಿಲ್ಲ. ಬೈದಿದ್ದರೆ ಜೀವಕ್ಕೆ ಎಷ್ಟೋ ಸಮಾಧಾನವಿರುತ್ತಿತ್ತು.

"ಏಳು, ನಡಿ" ಎಂದ, ಅಷ್ಟೇ.

ಸಂಜೆ ಓಣಿಯ ಜನ ಕಟ್ಟೆಯ ಸುತ್ತ ಕಾದಿದ್ದರು. ಗಾದಿಲಿಂಗಪ್ಪ ಅಳಿಯನ ಕುತ್ತಿಗೆಯ ಮೇಲೆ ಕೈಯೂರಿ ನಿಧಾನಕ್ಕೆ ಬಂದ. ದುರಗೇಶ ನಡು ಬಗ್ಗಿಸಿ, ನೆಲ ನೋಡುತ್ತ, ಮಾವನ ಹೆಜ್ಜೆಗೆ ಹೆಜ್ಜೆ ಇಡುತ್ತಿದ್ದ.

"ಯಜಮಾನ್ರ, ಕೋಲು ಎಲ್ಲೈತ್ರಿ?" ಎಂದರು ಯಾರೋ.

ಮಾವ ಅಳಿಯನ ಕುತ್ತಿಗೆಯನ್ನು ಇನ್ನೊಮ್ಮೆ ಒತ್ತಿ ನೋಡಿದ.

"ಹೊಸಾದು ಆರಿಸೀನಿ. ಬಾಗತೈತಿ, ಮುರಿಯಂಗಿಲ್ಲ. ಭಾಳ ಛಲೋ ಕಟಗಿ."